ಅವ್ವನಿಗೆ ಒಗ್ಗಿದ ಗಾಡಿ

ಜಡಿಗೇನಹಳ್ಳಿ ಕಡೆ ನಂದು ಶಾಮಿಯಾನ, ಪಾತ್ರೆ, ಕುರ್ಚಿ ಬಾಡಿಗೆಗೆ ಕೊಡೋ ಕಸುಬು. ಮದುವೆ, ನಾಮಕರಣ, ತಿಥಿ ಯಾವುದೇ ಇರಲಿ, ಪುರೋಹಿತರಿಗಿಂತ ಮುಂಚೆ ಹೋಗಿ ಎಲ್ಲರಿಗಿಂತ ಆಮೇಲೆ ಬರೋನು ನಾನು. ಇಂಥ ಕಸುಬಿನಲ್ಲಿ ದಿನಕ್ಕೊಂದು ತಮಾಷೆ ಆಗಲೇಬೇಕು. ಆಗದ ದಿನ ನಮ್ಮನೆಯೋಳು "ಏನ್ರೀ, ಹುಷಾರಿಲ್ವಾ?" ಅಂತ ಹಣೆ ಮುಟ್ಟಿ ನೋಡ್ತಾಳೆ. ಆದ್ರೆ ವರ್ಷ ತುಂಬದ ಪಿಕಪ್ ಗಾಡಿ ಕೊಟ್ಟು ಇನ್ನೊಂದು ಹೊಸಾದು ತರೋಕೆ ಹೋದಾಗ ಆದದ್ದಿದೆಯಲ್ಲ, ಅದನ್ನ ನೆನೆಸ್ಕೊಂಡ್ರೆ ಈಗಲೂ ನಗು ಬರುತ್ತೆ. ಆಗ ಮಾತ್ರ ಬಂದಿರಲಿಲ್ಲ.

ಎಲ್ಲಾ ನೋಡಿದ್ದೆ, ಅದೊಂದು ಬಿಟ್ಟು

ಮೊದಲನೇ ಗಾಡಿ ತಗೊಳ್ಳುವಾಗ ನಾನು ಏನೇನು ನೋಡಿದೆ ಅಂತೀರಿ? ರಾಹುಕಾಲ ನೋಡಿದೆ. ನಂಬರ್ ಕೂಡಿದ್ರೆ ಎಷ್ಟು ಬರುತ್ತೆ ನೋಡಿದೆ. ಬಣ್ಣ ನನ್ನ ರಾಶಿಗೆ ಆಗಿಬರುತ್ತಾ ಅಂತ ಜೋಯಿಸರನ್ನ ಕೇಳಿದೆ. ಚಕ್ರಕ್ಕೆ ನಿಂಬೆಹಣ್ಣು ಕೊಟ್ಟು, ಬೂದುಗುಂಬಳಕಾಯಿ ಒಡೆದು ಮನೆಗೆ ತಂದೆ. ಮಾರನೇ ದಿನ ಶಾಮಿಯಾನದ ಕಂಬ ತುಂಬಿದಾಗ ಗೊತ್ತಾಯ್ತು, ಕಂಬ ಗಾಡಿಗಿಂತ ಒಂದು ಮೊಳ ಉದ್ದ. ಹಿಂದಿನ ಬಾಗಿಲು ಮುಚ್ಚೋಕೇ ಆಗಲ್ಲ.

ನಮ್ಮನೆಯೋಳು ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿ, "ಜೋಯಿಸರ ಹತ್ರ ಟೇಪು ಇರಲಿಲ್ವಾ?" ಅಂದಳು.

ಅವತ್ತಿಂದ ಕಂಬ ಹಿಂದಕ್ಕೆ ಚಾಚ್ಕೊಂಡೇ ಓಡಾಟ, ತುದಿಗೊಂದು ಕೆಂಪು ಬಟ್ಟೆ. ಒಂದಿನ ಹೊಸಕೋಟೆಯಲ್ಲಿ ಟೀ ಕುಡಿಯೋಕೆ ನಿಲ್ಲಿಸಿದ್ದೆ. ಕುಡಿದು, ಗಾಡಿ ಸ್ಟಾರ್ಟ್ ಮಾಡಿ ಹೊರಟರೆ ಹಿಂದೆ ಒಬ್ಬ ಹೆಂಗಸು ಬಾಯಿ ಬಡ್ಕೊಂಡು ಓಡಿಬರ್ತಿದಾಳೆ. ಅಯ್ಯೋ ದೇವರೇ, ಯಾರಿಗೋ ಗುದ್ದಿಬಿಟ್ಟೆ ಅಂತ ಬ್ರೇಕ್ ಒತ್ತಿದೆ. ಇಳಿದು ನೋಡಿದ್ರೆ, ನಾನು ಟೀ ಕುಡಿಯೋ ಹೊತ್ತಿಗೆ ಆ ಹೂವಿನವಳು ನನ್ನ ಕಂಬದ ತುದಿಗಳಿಗೆ ಸೇವಂತಿಗೆ ಹಾರ, ಕನಕಾಂಬರ ಎಲ್ಲಾ ನೇತುಹಾಕಿ ವ್ಯಾಪಾರ ಶುರು ಮಾಡಿಬಿಟ್ಟಿದ್ಳು.

"ಏನಪ್ಪಾ, ಹೇಳದೆ ಕೇಳದೆ ನನ್ನ ಅಂಗಡೀನೇ ಹೊತ್ಕೊಂಡು ಹೋಗ್ತೀಯಲ್ಲಾ!" ಅಂತ ನನ್ನ ಮೇಲೇ ಜೋರು ಮಾಡಿದ್ಳು. ತಪ್ಪಾಯ್ತು ತಾಯಿ ಅಂತ ನಾನೇ ಕೈಮುಗಿದು, ಎರಡು ಮೊಳ ಹೂವು ತಗೊಂಡು ಮನೆಗೆ ಬಂದೆ.

ಕಂಬ ಕುಯ್ದುಬಿಡು

ಸಾಮಾನು ತುಂಬೋ ಹಿಂದಿನ ತೊಟ್ಟಿ ಉದ್ದ ಇರೋ ಹೊಸ ಮಾಡೆಲ್ ಬಂದಿದೆ, ಇದನ್ನ ಕೊಟ್ಟು ಅದನ್ನ ತಗೋಬಹುದು ಅಂತ ತಿಳಿದಾಗ ನಾನು ಕುಣಿದಾಡಿಬಿಟ್ಟೆ. ಮನೆಯಲ್ಲಿ ಒಬ್ಬರ ಮುಖ ಮಾತ್ರ ಬಾಡ್ತು. ಅವ್ವಂದು.

ನಮ್ಮವ್ವನಿಗೆ ಬಸ್ಸು ಆಗಲ್ಲ. ಬಸ್ಸಿನ ಹಾರನ್ ಕೇಳಿದ್ರೇ ಹೊಟ್ಟೆ ತೊಳಸುತ್ತೆ. ಕಾರು, ಆಟೋ ಯಾವುದೂ ಆಗಲ್ಲ. ಒಂದು ಕೈಯಲ್ಲಿ ಮೂಸೋಕೆ ನಿಂಬೆಹಣ್ಣು, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಕವರು. ನೆಂಟರ ಮದುವೆಗೆ ಹೋದ್ರೆ ಮುಹೂರ್ತದ ಹೊತ್ತಿಗೆ ಛತ್ರದ ರೂಮಿನಲ್ಲಿ ಮಲಗಿರ್ತಿದ್ಳು. ಅಕ್ಷತೆ ತಂದು ಅವಳ ಕೈಗೆ ಮುಟ್ಟಿಸಿ, ನಾವೇ ವಾಪಸ್ ಒಯ್ದು ಹಾಕ್ತಿದ್ವಿ. ಅವಳ ಒಡಹುಟ್ಟಿದ ಅಕ್ಕ, ನಮ್ಮ ದೊಡ್ಡವ್ವ, ಇರೋದು ಸೋಂಪುರದಲ್ಲಿ, ಫ್ಯಾಕ್ಟರಿ ಕೆಲಸದ ಮೊಮ್ಮಗನ ಮನೇಲಿ. ನಾವು ಈ ಮೂಲೆ, ಅದು ಆ ಮೂಲೆ. ದೊಡ್ಡವ್ವನಿಗೆ ಮಂಡಿ ನೋವು, ಕಿವೀನೂ ಮಂದ, ಫೋನು ದಂಡ. ಎಷ್ಟೋ ವರ್ಷ ಅಕ್ಕತಂಗಿ ಮುಖ ನೋಡಿರಲಿಲ್ಲ.

ಪಿಕಪ್ ಬಂದ ಹೊಸದರಲ್ಲಿ ಧೈರ್ಯ ಮಾಡಿ ಅವ್ವನ್ನ ಮುಂದೆ ಕೂರಿಸ್ಕೊಂಡು, ಹಳ್ಳಿಗಳ ಒಳದಾರಿ ಹಿಡಿದು ಸೋಂಪುರಕ್ಕೆ ಹೊರಟೆ. ಊರು ದಾಟೋ ಮುಂಚೇನೇ ಶುರು. "ಲೋ, ಗುಂಡಿ ನೋಡೋ! ಕುರಿ ಬಂತು, ಕಣ್ಣು ಎಲ್ಲಿಟ್ಟಿದ್ದೀಯಾ? ನಿಮ್ಮಪ್ಪನೂ ಹಿಂಗೇ ಗಾಡಿ ಹೊಡೀತಿದ್ರು. ಪುಣ್ಯಕ್ಕೆ ಎತ್ತಿಗೆ ದಾರಿ ಗೊತ್ತಿತ್ತು, ಮನೆ ಸೇರ್ತಿದ್ವಿ." ಸೋಂಪುರ ಬರೋ ಹೊತ್ತಿಗೆ ನನ್ನ ಕಿವಿ ಕಾದ ಕಾವಲಿ ಆಗಿತ್ತು, ಅವ್ವನ ಕವರು ಖಾಲಿ ಇತ್ತು! ಅಕ್ಕತಂಗಿ ಕೈ ಹಿಡ್ಕೊಂಡು ಅತ್ತರು. ನನಗೂ ಕಣ್ಣು ತುಂಬಿತು, ಸುಳ್ಳು ಯಾಕೆ ಹೇಳಲಿ. ಆಮೇಲೂ ಒಂದೆರಡು ಸಲ ಹೋಗಿಬಂದ್ವಿ. "ಈ ಗಾಡಿ ನನಗೆ ಒಗ್ಗಿದೆ ಕಣೋ," ಅಂತ ಅವ್ವ ತೀರ್ಮಾನ ಕೊಟ್ಟಳು.

ಈಗ ಆ ಗಾಡೀನೇ ಕೊಟ್ಬಿಡ್ತೀನಿ ಅಂದ್ರೆ?

"ಕಂಬಕ್ಕೋಸ್ಕರ ಯಾರಾದ್ರೂ ಗಾಡಿ ಬದಲಾಯಿಸ್ತಾರಾ? ಕಂಬಾನೇ ಒಂದು ಮೊಳ ಕುಯ್ದುಬಿಡು," ಅಂದಳು.

"ಕುಯ್ದರೆ ಶಾಮಿಯಾನ ಜನರ ತಲೆಗೆ ತಗಲುತ್ತೆ ಕಣವ್ವಾ."

"ಮದುವೆ ಮನೇಲಿ ನಾಲ್ಕು ಜನ ತಲೆ ತಗ್ಗಿಸಿ ನಡೆದ್ರೆ ಯಾರ ಗಂಟೂ ಹೋಗಲ್ಲ."

ಮೂಸಿ ನೋಡಿ ರೇಟು

ಹಳೇ ಗಾಡಿಗೆ ಬೆಲೆ ಕಟ್ಟೋಕೆ ಶೋರೂಮಿಂದ ಒಬ್ಬ ಬಂದ. ಗಾಡಿ ಸುತ್ತ ನಾಲ್ಕು ಪ್ರದಕ್ಷಿಣೆ ಹಾಕಿದ, ಟಾರ್ಚ್ ಬಿಟ್ಟು ಕೆಳಗೆ ಬಗ್ಗಿ ನೋಡಿದ, ಬಾಗಿಲು ಬಡಿದು ನೋಡಿದ. ಕೊನೆಗೆ ತೊಟ್ಟಿಯೊಳಗೆ ತಲೆ ಹಾಕಿ ಉಸಿರೆಳೆದು, "ಸರ್, ಗಾಡಿ ಹೊಸದೇ. ಆದ್ರೆ ಬಿಸಿಬೇಳೆಬಾತ್ ವಾಸನೆ ಹೊಡೀತಿದೆ. ರೇಟು ಸ್ವಲ್ಪ ಇಳಿಯುತ್ತೆ," ಅಂದ.

ನನಗೆ ರೇಗಿಹೋಯ್ತು. ಎಷ್ಟು ಮದುವೆಗೆ ಊಟದ ಪಾತ್ರೆ ಹೊತ್ತ ಗಾಡಿ, ಇನ್ನೇನು ಅತ್ತರು ವಾಸನೆ ಬರುತ್ತಾ? ಬಾಯಿ ಬಿಡಬೇಕು, ಅಷ್ಟರಲ್ಲಿ ನಮ್ಮನೆಯೋಳು ಬಂದಳು. "ನಿಮ್ಮದು ಊಟ ಆಯ್ತೇನಪ್ಪಾ?"

"ಇಲ್ಲ ಮೇಡಂ. ಬೆಳಿಗ್ಗೆಯಿಂದ ಬರೀ ಗಾಡಿ ನೋಡೋದೇ ಆಯ್ತು."

ಒಳಗೆ ಕರೆದು ಎಲೆ ಹಾಕಿ, ಬಿಸಿ ಮುದ್ದೆ, ಹುರುಳಿ ಸಾರು ಬಡಿಸಿದಳು. ಎರಡನೇ ಮುದ್ದೆ ಮುಗಿಸಿ, ಮಜ್ಜಿಗೆ ಕುಡಿದು, ಕೈ ಒರೆಸ್ಕೊಂಡು ಮತ್ತೆ ಗಾಡಿ ಹತ್ರ ಹೋಗಿ ಮೂಸಿದ.

"ಈಗ ಏನೂ ವಾಸನೆ ಬರ್ತಿಲ್ಲ ಮೇಡಂ," ಅಂದ.

ಒಂದು ಮಾತೂ ಆಡದ ಅಜ್ಜಿ

ಹೊಸ ಗಾಡಿ ಅವ್ವನಿಗೆ ಒಗ್ಗದೆ ತಗೊಳ್ಳೋದಿಲ್ಲ ಅಂತ ನಾನು ಗಟ್ಟಿಯಾಗಿ ಹೇಳಿಬಿಟ್ಟಿದ್ದೆ. ಹಾಗಾಗಿ ಶೋರೂಮಿಗೆ ಅವ್ವನೂ ಬಂದಳು, ಒಂದು ಕಂಬಾನೂ ಬಂತು. ಸೇಲ್ಸ್‌ನವನು ಸ್ಟೀರಿಂಗ್ ಹಿಡಿದ. ಅವ್ವ ರೇಷ್ಮೆ ಸೀರೆ ಉಟ್ಟು ಪಕ್ಕದಲ್ಲಿ ಕೂತಳು. ನಾನು ಕಂಬ ಹಿಡ್ಕೊಂಡು ಹಿಂದೆ ತೊಟ್ಟಿಯಲ್ಲಿ ನಿಂತೆ. ಕಂಬ ಮಲಗಿಸಿ ಬಾಗಿಲು ಮುಚ್ಚಿದ್ರೆ, ಆಹಾ, ಅಳತೆ ಕೊಟ್ಟು ಹೊಲಿಸಿದಂಗಿತ್ತು! ಗಾಡಿ ಹೊರಟು ಸ್ವಲ್ಪ ದೂರ ಹೋಗಿರಬೇಕು, ಖುಷಿಯಲ್ಲಿ ಕ್ಯಾಬಿನ್ನಿನ ಹಿಂದಿನ ಗಾಜಲ್ಲಿ ಇಣುಕಿದ್ರೆ, ಅವ್ವನ ತಲೆ ಮೆಲ್ಲಗೆ ಕೆಳಗೆ ಹೋಗ್ತಿದೆ.

ನಿಲ್ಲಿಸು ಅಂತ ಬಡಿದೆ. ಅಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿತ್ತು. ಸೇಲ್ಸ್‌ನವನು ಪಾಪ, ಒಳ್ಳೆಯವನು. "ನಾನು ಮೆಲ್ಲಗೇ ಓಡಿಸ್ದೆ ಸರ್, ಎಸಿ ಹಾಕ್ದೆ, ಮ್ಯಾಪೂ ಹಾಕಿದ್ದೆ. ಅಜ್ಜಿ ಒಂದು ಮಾತೂ ಆಡಲಿಲ್ಲ," ಅಂದ.

"ಆ ಮ್ಯಾಪಿನವಳು ಎಡಕ್ಕೆ ಹೋಗು, ಬಲಕ್ಕೆ ಹೋಗು ಅಂತ ಹೇಳ್ತಾನೇ ಇದ್ಳು. ಮಧ್ಯ ನಾನು ಯಾಕೆ ಬಾಯಿ ಹಾಕಲಿ ಅಂತ ಸುಮ್ನಿದ್ದೆ," ಅಂದಳು ಅವ್ವ. ಆಮೇಲೆ ಸೆರಗಿಂದ ಸೀಟು ಒರೆಸೋಕೆ ಹೋಗಿ, "ಮಂದಿ ಗಾಡಿ ಹೊಲಸು ಮಾಡಿಬಿಟ್ಟೆನಲ್ಲಪ್ಪಾ," ಅಂತ ಅತ್ತೇಬಿಟ್ಟಳು. ಹಾಳು ಕಂಬ ಎಲ್ಲಿಗಾದ್ರೂ ಹೋಗಲಿ ಅನ್ನಿಸ್ತು.

ಸೇಲ್ಸ್‌ನವನು ನೀರಿನ ಬಾಟಲಿ ಕೊಟ್ಟು, ಹೆದರ್ತಾ ಕೇಳಿದ. "ಸರ್, ಇದೇ ಗಾಡಿ ಬುಕ್ ಮಾಡ್ತೀರಾ? ಇಲ್ಲಾಂದ್ರೆ ಅಜ್ಜಿ ಇನ್ನೊಂದು ಗಾಡೀಲೂ ನೋಡ್ತಾರಾ?"

ತವರಿನ ಮಡಿಲಕ್ಕಿ

ಗಾಡಿ ಬದಲಾಯಿಸಲ್ಲ ಅಂದೆ. ಅವ್ವ ಕೇಳಬೇಕಲ್ಲ. ಒಂದು ಬೆಳಿಗ್ಗೆ ಎದ್ದು ಹೊರಗೆ ಬಂದ್ರೆ ಹಳೇ ಗಾಡಿಗೆ ಅರಿಶಿನ ಕುಂಕುಮ ಹಚ್ಚಿದೆ. ಸೀಟಿನ ಮೇಲೆ ಅಕ್ಕಿ, ಕೊಬ್ಬರಿ, ಬೆಲ್ಲ, ಎಲೆ ಅಡಿಕೆ, ರವಿಕೆ ಕಣ. ಮಗಳನ್ನ ಅತ್ತೆ ಮನೆಗೆ ಕಳಿಸುವಾಗ ಕೊಡೋ ಮಡಿಲಕ್ಕಿ.

"ಮಡಿಲು ತುಂಬಿದ್ಮೇಲೆ ಹೆಣ್ಣು ಹೊಸಿಲು ದಾಟಲೇಬೇಕು. ನಡಿ ಶೋರೂಮಿಗೆ," ಅಂದಳು.

"ಮತ್ತೆ ದೊಡ್ಡವ್ವನ್ನ ನೋಡೋದು?"

"ದೇವರು ಇಟ್ಟಂಗಾಗುತ್ತೆ. ನಿನ್ನ ಕಂಬ ಹಿಂದಿಂದ ಬರೋ ಯಾವ ತಾಯಿ ಮಗನಿಗಾದ್ರೂ ಚುಚ್ಚಿದ್ರೆ ನಾನು ಬದುಕಿ ಏನು ಮಾಡಲಿ?"

ಬೀಗದಕೈ ತಗೊಂಡೆ. ನಾನು, ಅವ್ವ, ನಮ್ಮನೆಯೋಳು ಮೂವರೂ ಹೋದ್ವಿ. ಅವತ್ತು ಮುದ್ದೆ ಉಂಡು ಹೋದವನೇ ಗಾಡಿ ತಗೊಳ್ಳೋಕೆ ಬಂದ, ಬಾಗಿಲು ತೆಗೆದು ಕಣ್ಣು ಬಿಟ್ಟ.

"ತವರಿಂದ ಬರಿಗೈಲಿ ಕಳಿಸ್ತಾರೇನಪ್ಪಾ?" ಅಂದಳು ಅವ್ವ. "ಒಳ್ಳೇ ಮನೆಗೆ ಕೊಡು. ಜಾಸ್ತಿ ಭಾರ ಹೊರಿಸಬೇಡಿ ಅಂತ ಹೇಳು. ಮೊದಲನೇ ಗೇರು ಸ್ವಲ್ಪ ಹಠ, ಗದರಿಸಬೇಡಿ."

ಅವನು ಗಂಡಿನ ಕಡೆಯವನ ಥರ ಕೈಮುಗಿದು, "ಮಗಳ ಥರ ನೋಡ್ಕೋತೀವಿ ಅಜ್ಜಿ," ಅಂದುಬಿಟ್ಟ.

ಒಗ್ಗಿದ್ದು ಯಾವುದು

ಹೊಸ ಗಾಡೀಲೂ ಮುಂದೆ ಮೂವರು ಕೂರಬಹುದು. ಅವ್ವ ನಿಂಬೆಹಣ್ಣು, ಕವರು ಹಿಡಿದು ಮಧ್ಯ ಕೂತು ಕಣ್ಣು ಮುಚ್ಚಿದಳು. ನನಗೆ ಹೊಸ ಗೇರು ಕೈಗೆ ಕೂರಲಿಲ್ಲ. ಮುಂದೆ ಹೋಗಬೇಕಾದ ಗಾಡಿ ಹಿಂದೆ ಹೋಗಿ ಶೋರೂಮಿನ ಹೂಕುಂಡಕ್ಕೆ ಮುತ್ತಿಟ್ಟಿತು.

ಅವ್ವನ ಕಣ್ಣು ಪಟ್ಟಂತ ತೆರೀತು. "ಲೋ! ಎಮ್ಮೆ ಕಾಯೋಕೂ ಲಾಯಕ್ಕಿಲ್ಲ ಕಣೋ ನೀನು! ಹಿಂದೆ ಯಾವುದು ಮುಂದೆ ಯಾವುದು ಗೊತ್ತಿಲ್ಲದವನ ಕೈಗೆ ಗಾಡಿ ಯಾರು ಕೊಟ್ಟರು?" ಅಲ್ಲಿಂದ ಶುರುವಾದದ್ದು ಮನೆ ಬಾಗಿಲಿಗೆ ಬಂದೇ ನಿಂತಿದ್ದು.

ಇಳಿದಾಗ ನಮ್ಮನೆಯೋಳು ಅವ್ವನ ಕೈಲಿದ್ದ ನಿಂಬೆಹಣ್ಣು ನೋಡಿದಳು. ಮೂಸೇ ಇಲ್ಲ. ಖಾಲಿ ಕವರು ನೋಡಿದಳು. ಆಮೇಲೆ ನನ್ನ ನೋಡಿದಳು.

"ರೀ, ಅತ್ತೆಗೆ ಒಗ್ಗಿದ್ದು ಗಾಡಿ ಅಲ್ಲ ಕಣ್ರೀ, ನಿಮ್ಮನ್ನ ಬೈಯೋದು! ಬಸ್ಸಿನ ಡ್ರೈವರ್‌ಗೆ, ಶೋರೂಮಿನವನಿಗೆ ಬೈಯೋಕೆ ಸಂಕೋಚ. ಒಳಗೇ ನುಂಗ್ಕೊಂಡಿದ್ದು ಹೊಟ್ಟೇಲಿ ನಿಲ್ಲಬೇಕಲ್ಲ!"

ಅವ್ವ ಖಾಲಿ ಕವರು ಮಡಚ್ತಾ, "ಇದ್ದರೂ ಇರಬಹುದು," ಅಂದಳು.

ಮುಂದಿನ ಭಾನುವಾರವೇ ಸೋಂಪುರಕ್ಕೆ ಹೊರಟ್ವಿ. ಈ ಸಲ ದೇವನಹಳ್ಳಿ, ದೊಡ್ಡಬಳ್ಳಾಪುರ ಬಳಸಿ ಸೋಂಪುರದ ಪಕ್ಕದ ದಾಬಸ್‌ಪೇಟೆಗೆ ಹೋಗೋ ಹೊಸ ಹೈವೇ. ಗುಂಡಿ ಇಲ್ಲ, ಕುರಿ ಇಲ್ಲ, ಉಬ್ಬು ಇಲ್ಲ. ಬೈಯೋಕೆ ಏನೂ ಸಿಗದೆ ಅವ್ವ ಮಂಕಾದಳು. ದೇವನಹಳ್ಳಿ ದಾಟಿದ್ಮೇಲೆ ಕೈ ಕವರಿನ ಕಡೆ ಹೋಯ್ತು. ನಾನು ತಕ್ಷಣ ಇಂಡಿಕೇಟರ್ ಹಾಕಿ ಹಾಗೇ ಬಿಟ್ಟೆ.

"ಅದೇನೋ ಟಿಕ್ಕು ಟಿಕ್ಕು? ಆರಿಸೋ ಅದನ್ನ!" ಮುಖಕ್ಕೆ ಕಳೆ ಬಂತು.

ದೊಡ್ಡಬಳ್ಳಾಪುರ ಕಳೆದು ಮತ್ತೆ ಮೌನ. ಸುಡೋ ಬಿಸಿಲಲ್ಲಿ ವೈಪರ್ ಹಾಕಿದೆ.

"ಮಳೆ ಎಲ್ಲೋ ಬಂತು ನಿನ್ನ ತಲೆ ಮೇಲೆ! ಇವನಿಗೆ ಹೆಣ್ಣು ಕೊಟ್ಟೋರಿಗೆ ಕೈಮುಗೀಬೇಕು!" ಸೋಂಪುರದವರೆಗೆ ಅಷ್ಟೇ ಸಾಕಾಯ್ತು.

ದೊಡ್ಡವ್ವ ಬಾಗಿಲಲ್ಲೇ ಕಾಯ್ತಾ ಕೂತಿತ್ತು. ಇಬ್ಬರೂ ಕೆನ್ನೆ ಸವರ್ಕೊಂಡು, ಅತ್ತು, ನಕ್ಕು, ಊಟ ಮಾಡಿದ್ರು. ಹೊರಡೋ ಹೊತ್ತಿಗೆ ದೊಡ್ಡವ್ವ ಹೊಸ ಗಾಡಿ ಮೇಲೆ ಕೈಯಾಡಿಸಿ ನಿಟ್ಟುಸಿರು ಬಿಡ್ತು. "ನಿನ್ನ ಜೊತೆ ಬಂದು ನಾಲ್ಕು ದಿನ ಇರೋಣ ಅಂತ ಆಸೆ ಕಣೇ. ಏನು ಮಾಡಲಿ, ನಾನೂ ನಿನ್ನ ಅಕ್ಕನೇ ಅಲ್ವಾ? ಗಾಡಿ ಹತ್ತಿದ್ರೆ ಸಾಕು, ವಾಂತಿ."

ಅವ್ವ ಕೈಲಿದ್ದ ನಿಂಬೆಹಣ್ಣನ್ನ ಬೇಲಿಯಾಚೆ ಎಸೆದು, ಅಕ್ಕನ ರಟ್ಟೆ ಹಿಡಿದು, ಕಿವಿ ಹತ್ರ ಬಗ್ಗಿ ಬೀದಿಗೆಲ್ಲಾ ಕೇಳೋ ಹಾಗೆ ಕೂಗಿದಳು.

"ಏನೂ ಆಗಲ್ಲ, ಹತ್ತಕ್ಕಾ! ನನ್ನ ಮಗ ಓಡಿಸ್ತಾನೆ, ನೀನು ಬೈತಾ ಇರು!"