ತಡವರಿಸುವ ತರಬೇತಿ

ಕರೇಗುಂಡುಹಟ್ಟಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳು ಓದಲು ಕಲಿತುಬಿಟ್ಟಿದ್ದರಿಂದ, ಓದು ಕಲಿಸುವ ಶಿಕ್ಷಕಿಯ ಹುದ್ದೆ ಅಪಾಯಕ್ಕೆ ಸಿಲುಕಿತು. ಇದರಲ್ಲಿ ಯಾರದೂ ದುರುದ್ದೇಶವಿರಲಿಲ್ಲ. ಮಕ್ಕಳದ್ದಂತೂ ಖಂಡಿತ ಇರಲಿಲ್ಲ.

ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಸಿಗುವ ಈ ಶಾಲೆಗೆ ಇಬ್ಬರು ಕಾಯಂ ಶಿಕ್ಷಕರು. ಒಬ್ಬರು ನಿಯೋಜನೆಯ ಮೇಲೆ ಕಚೇರಿಯೊಂದರಲ್ಲಿ ಕೂತು ಮಕ್ಕಳ ಮಾಹಿತಿಯನ್ನು ಕಂಪ್ಯೂಟರಿಗೆ ತುಂಬುತ್ತಿದ್ದರು. ಇನ್ನೊಬ್ಬರು ಮುಖ್ಯಶಿಕ್ಷಕ ಬೊಮ್ಮಲಿಂಗಪ್ಪ. ಇವರು ಆ ಮಾಹಿತಿಯನ್ನು ಅವರಿಗೆ ಫೋನಿನಲ್ಲಿ ಹೇಳುತ್ತಿದ್ದರು. ಹೀಗಾಗಿ ಪಾಠ ಮಾಡುವ ಕೆಲಸ ಮಾತ್ರ ಉಳಿದು, ಅದು 'ಓದಿಗೆ ಆಸರೆ' ಯೋಜನೆಯಲ್ಲಿ ಬಂದ ಮಾಲತಿಯ ಪಾಲಿಗೆ ಬಿತ್ತು. ಆಕೆ ಹಿಂದಿನ ಸಾಲಿನವರನ್ನು ಮುಂದಕ್ಕೆ ಕರೆದು, ಓದು ಬಲ್ಲ ಮಗುವಿನ ಮಗ್ಗುಲಿಗೆ ಬಾರದ ಮಗುವನ್ನು ಕೂರಿಸಿ, ಒಂದೇ ವರ್ಷದಲ್ಲಿ ಹೆಚ್ಚುಕಮ್ಮಿ ಎಲ್ಲರಿಗೂ ಓದಿನ ಚಟ ಹತ್ತಿಸಿಬಿಟ್ಟಳು. ತಡವರಿಸುವವನಾಗಿ ಉಳಿದದ್ದು ನಾಲ್ಕನೇ ತರಗತಿಯ ಪಾಲಾಕ್ಷ ಒಬ್ಬನೇ.

ಯೋಜನೆಯ ನಿಯಮ ಸ್ಪಷ್ಟವಾಗಿತ್ತು. ತಡವರಿಸಿ ಓದುವ ಮಕ್ಕಳು ಹತ್ತಕ್ಕಿಂತ ಕಡಿಮೆ ಇರುವ ಶಾಲೆಗೆ ಆಸರೆಯ ಅಗತ್ಯವಿಲ್ಲವೆಂದು ಪರಿಗಣಿಸತಕ್ಕದ್ದು. ಒಂದನೇ ತರಗತಿಯವರನ್ನು ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದಲ್ಲ. ಸದರಿ ಶಿಕ್ಷಕಿಯನ್ನು ಬಿಡುಗಡೆಗೊಳಿಸತಕ್ಕದ್ದು. ಮಕ್ಕಳು ಹೇಗೆ ಕಲಿತರೆಂದು ವಿಚಾರಿಸತಕ್ಕದ್ದಲ್ಲ.

ಮಾಲತಿಗೆ ಸಂಕಟವಾಯಿತು. ಸಂಬಳದ ಚಿಂತೆ ಇರಲಿಲ್ಲವೆಂದರೆ ಅದು ಬರೀ ಮಾತಾದೀತು. ಆದರೆ ಈಗಷ್ಟೇ ಒಂದನೇ ತರಗತಿಗೆ ಸೇರಿದ ಚಿಳ್ಳೆಪಿಳ್ಳೆಗಳಿಗೆ ತನ್ನ ನಂತರ ಕೈ ಹಿಡಿದು ತಿದ್ದಿಸುವವರು ಯಾರು ಎಂಬುದೇ ಅವಳನ್ನು ಹೆಚ್ಚು ಕೊರೆಯಿತು. ಬೊಮ್ಮಲಿಂಗಪ್ಪ ಮೇಷ್ಟ್ರು ದಾರಿ ತೋರಿಸಿದರು. ಪರಿಶೀಲನೆಯ ದಿನ ಮಕ್ಕಳು ಒಂದು ಗಳಿಗೆ ಓದು ಮರೆತರೆ ಸಾಕು ಎಂದರು. ಸಾರ್, ಇದು ಸುಳ್ಳಾಗುವುದಿಲ್ಲವೇ ಎಂದು ಮಾಲತಿ ಕೇಳಿದಳು.

"ಬಾರದ್ದನ್ನ ಬರ್ತೈತೆ ಅನ್ನೋದು ಸುಳ್ಳು ಮೇಡಂ. ಬರೋದನ್ನ ಬರಲ್ಲ ಅನ್ನೋದು ವಿನಯ."

ವಿನಯದ ಅಭ್ಯಾಸ ಮರುದಿನವೇ ಶುರುವಾಯಿತು. ಮಂಡಕ್ಕಿ ಕಟ್ಟಿಕೊಟ್ಟ ಕಾಗದವನ್ನೂ ಬಿಡದೆ ಓದುವ ದಿವ್ಯಾ ಮೊದಲು ಎದ್ದಳು. 'ಮರ' ಎಂಬಲ್ಲಿ ಎಡವಿ, 'ಸ್ವಾತಂತ್ರ್ಯೋತ್ಸವ'ವನ್ನು ನೀರು ಕುಡಿದಷ್ಟು ಸಲೀಸಾಗಿ ದಾಟಿಹೋದಳು. ಹೀಗಾದರೆ ಯಾವ ಅಧಿಕಾರಿಯೂ ನಂಬುವುದಿಲ್ಲವೆಂದು ಮೇಷ್ಟ್ರು ತಲೆ ಮೇಲೆ ಕೈ ಹೊತ್ತರು. ಕೊನೆಗೆ ಆ ವಿಷಯದಲ್ಲಿ ನಿಜವಾದ ಅನುಭವವಿದ್ದ ಪಾಲಾಕ್ಷನನ್ನೇ ತರಬೇತುದಾರನಾಗಿ ನೇಮಿಸಿ, ಕುರ್ಚಿ ಹಾಕಿಸಲಾಯಿತು. ಬಿಸಿಯೂಟ ಬೇಯಿಸುತ್ತಿದ್ದ ಅವನ ಅವ್ವ ಬೋರಕ್ಕ ಸೌಟು ಹಿಡಿದುಕೊಂಡೇ ಬಂದು, ಮಗ ಕುರ್ಚಿಯ ಮೇಲೆ ಕೂತದ್ದನ್ನು ಬಾಗಿಲಲ್ಲಿ ನಿಂತು ನೋಡಿದಳು.

ಪಾಲಾಕ್ಷ ಶಿಸ್ತಿನ ಮನುಷ್ಯ. "ಮರಕ್ಕೆ ಯಾಕೆ ನಿಲ್ತೀಯಾ? ಅದು ನಂಗೂ ಬರ್ತೈತೆ," ಎಂದು ದಿವ್ಯಾಳನ್ನು ತಿದ್ದಿದ. "ಒತ್ತಕ್ಷರ ಬಂದಾಗ ನಿಲ್ಲು. ಉಗುಳು ನುಂಗು. ಫ್ಯಾನ್ ನೋಡು. ಆಮೇಲೆ ಮೊದಲಿಂದ ಶುರು ಮಾಡು." ಎಲ್ಲೆಲ್ಲಿ ಎಡವಬೇಕೆಂದು ಗುರುತು ಹಾಕಲು ಅವನು ಮುಂಚೆಯೇ ಪಾಠವನ್ನೆಲ್ಲ ನೋಡಿಕೊಂಡು ಬರಬೇಕಾಗುತ್ತಿತ್ತು. ದಿನಾ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ, ತೊಡಕಾದಲ್ಲಿ ದಿವ್ಯಾಳನ್ನು ಕೇಳಿ ನೋಡಿಕೊಂಡು ಬರುತ್ತಿದ್ದ. ಇದರ ಪರಿಣಾಮ ಏನಾದೀತೆಂದು ಯಾರೂ ಯೋಚಿಸಲಿಲ್ಲ.

ಪರಿಶೀಲನೆಗೆ ವೀರೇಶ್ ಎಂಬ ಅಧಿಕಾರಿ ಬಂದರು. ಮಕ್ಕಳು ಒಬ್ಬರಾದ ಮೇಲೊಬ್ಬರು ಎದ್ದು ಅಚ್ಚುಕಟ್ಟಾಗಿ ತಡವರಿಸಿದರು. ದಿವ್ಯಾ ಒಂದು ಸಾಲು ದಾಟುವಷ್ಟರಲ್ಲಿ ಸಾಹೇಬರು ಒಂದು ಲೋಟ ಟೀ ಮುಗಿಸಿದರು. ಕೊನೆಗೆ ಎದ್ದವನು ಪಾಲಾಕ್ಷ. ಅವನಿಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ, ಹೇಳಿಕೊಡುವ ಅಗತ್ಯವೇ ಕಂಡಿರಲಿಲ್ಲ. ಬಾಯಿ ತೆರೆದವನು ಒಂದೇ ಉಸಿರಿಗೆ ಪಾಠ ಮುಗಿಸಿ, ನಿಲ್ಲಲಾರದೆ ಮುಂದಿನ ಪುಟದ ಪದ್ಯವನ್ನೂ ಓದಿಬಿಟ್ಟ.

ಮಾಲತಿಯ ಕಣ್ಣು ತುಂಬಿತು. ಇಷ್ಟು ಖುಷಿ ಅವಳಿಗೆ ತನ್ನ ಕೆಲಸದಲ್ಲಿ ಯಾವತ್ತೂ ಆಗಿರಲಿಲ್ಲ. ಆಮೇಲೆ, ಗುಟ್ಟು ರಟ್ಟಾಗಿ ಆ ಕೆಲಸ ಹೋಯಿತೆಂಬುದು ನೆನಪಾಯಿತು. ಬೊಮ್ಮಲಿಂಗಪ್ಪನವರು ಫ್ಯಾನ್ ನೋಡಿದರು.

ವೀರೇಶ್ ಪಾಲಾಕ್ಷನ ಹೆಸರು ಬರೆದುಕೊಂಡರು. "ಎಲ್ಲಾರೂ ಓದಿದ್ರೆ ಯೋಜನೆ ಮುಗೀತು ಅಂತ ಮುಚ್ತಾರೆ ಮೇಡಂ. ಯಾರೂ ಓದದಿದ್ರೆ ದಂಡ ಅಂತ ಮುಚ್ತಾರೆ," ಎಂದರು ಆಮೇಲೆ. "ಒಬ್ಬ ಓದಿದ್ರೆ ಪ್ರಗತಿ. ವರ್ಷಕ್ಕೊಂದು ಮಗು ಹಿಂಗೇ ಬರ್ಲಿ. ನೀವು ಮುಂದುವರಿಸ್ರಿ."

ಶಾಲಾ ಸಮಿತಿ ಇದನ್ನು ಚಪ್ಪಾಳೆಯೊಂದಿಗೆ ಅಂಗೀಕರಿಸಿತು. ಪಾಲಾಕ್ಷನನ್ನು ಈ ಸಾಲಿನ ಓದುವ ಮಗುವೆಂದು ಘೋಷಿಸಲಾಯಿತು. ಬೋರಕ್ಕ ಆ ದಿನದ ಸಾರಿಗೆ ಬೇಳೆ ಹಾಕಿದಳು. ಮಿಕ್ಕ ಪೋಷಕರು ತಮ್ಮ ಮಕ್ಕಳಿಗೂ ಓದು ಬೇಗ ಬರಲಿ ಎಂದು ಮೇಷ್ಟ್ರ ಬಳಿ ಶಿಫಾರಸು ತಂದರು. ಎಲ್ಲರನ್ನೂ ವಯಸ್ಸಿನ ಪ್ರಕಾರ ಸರದಿಯಲ್ಲಿ ಸೇರಿಸಲಾಯಿತು. ತರಗತಿಗೆಲ್ಲ ಚಿಕ್ಕವಳಾದ ದಿವ್ಯಾಳ ಸರದಿ ಬರುವಷ್ಟರಲ್ಲಿ ಅವಳು ಹೈಸ್ಕೂಲು ಸೇರಿರುತ್ತಾಳೆಂದು ತಿಳಿದುಬಂತು.

"ಅಲ್ಲೀತನ್ಕ ಮನಸ್ಸಲ್ಲೇ ಓದ್ಕಳ್ಲಾ ಮೇಡಂ?" ಎಂದು ಅವಳು ಕೇಳಿದಳು.

ಮಾಲತಿ ಅವಳ ತಲೆ ಸವರಿ, ತುಟಿ ಅಲುಗಬಾರದೆಂಬ ಷರತ್ತಿನ ಮೇಲೆ ಕಥೆಪುಸ್ತಕ ಕೊಟ್ಟಳು. ಹೊರಗೆ ಜೀಪಿನ ಸದ್ದಾದರೆ ಪುಸ್ತಕವನ್ನು ತಲೆಕೆಳಗು ಮಾಡಿ ಹಿಡಿಯಬೇಕೆಂದು ಎಲ್ಲರಿಗೂ ಹೇಳಿದಳು.

ಮಾರನೆಯ ದಿನ ಮಧ್ಯಾಹ್ನ ಸದ್ದಾಯಿತು. ಇಡೀ ತರಗತಿ ಪುಸ್ತಕ ತಿರುಗಿಸಿತು. ಬಂದದ್ದು ಕುರಿ ತುಂಬಿಕೊಂಡ ಟೆಂಪೋ. ಅದು ಗೇಟಿನ ಮುಂದೆ ಕೆಟ್ಟು ನಿಂತು ಸಂಜೆಯವರೆಗೂ ಗುರುಗುಟ್ಟಿತು. ಮಕ್ಕಳು ನಿಯಮ ಮೀರಲಿಲ್ಲ. ದಿವ್ಯಾ ತಲೆಕೆಳಗಾದ ಪುಟವನ್ನು ಓದಿ ಮುಗಿಸಿ, ಮುಂದಿನದಕ್ಕೆ ತಿರುವಿದಳು.