ಬಸ್ಸಿನಿಂದ ಇಳಿದು ಹೋದ ಜಡೆ

ನಾನು ಹೊಳಲ್ಕೆರೆಯ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ವಿಜ್ಞಾನ ಪಾಠ ಮಾಡುತ್ತಿದ್ದೇನೆ. ಹೃದಯಕ್ಕೆ ಎಷ್ಟು ಕೋಣೆ, ಚರ್ಮಕ್ಕೆ ಎಷ್ಟು ಪದರ ಎಂದು ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳುತ್ತೇನೆ. ಆದ್ದರಿಂದ, ನಲವತ್ತೇಳನೇ ವಯಸ್ಸಿನಲ್ಲಿ ಒಂದು ಭಾನುವಾರ ನಮ್ಮ ಬಚ್ಚಲಲ್ಲಿ ನೀರು ಹೋಗದೆ ನಿಂತಾಗ, ಕಾರಣವನ್ನು ಎರಡು ನಿಮಿಷದಲ್ಲಿ ಕಂಡುಹಿಡಿಯುತ್ತೇನೆಂಬ ವಿಶ್ವಾಸ ನನಗಿತ್ತು. ಕಂಡುಹಿಡಿದೆ ಕೂಡ. ಜಾಲರಿ ಎತ್ತಿ ಕೈಹಾಕಿ ಎಳೆದರೆ ಇಲಿಯಷ್ಟು ದೊಡ್ಡ ಕೂದಲಿನ ಉಂಡೆ ಬಂತು. ಎಲ್ಲ ನನ್ನದೇ. ಇದು ಬೋರ್‌ವೆಲ್ಲಿನ ಉಪ್ಪು ನೀರಿನ ಪರಿಣಾಮ ಎಂದು ಅಲ್ಲೇ, ಕೈ ತೊಳೆಯುವ ಮೊದಲೇ, ತೀರ್ಪು ಕೊಟ್ಟುಬಿಟ್ಟೆ.

ಕೂದಲಿನ ವಿಚಾರದಲ್ಲಿ ನನಗೆ ಸ್ವಲ್ಪ ಜಂಭ. ಸ್ವಲ್ಪವಲ್ಲ, ಬೇಕಾದಷ್ಟು. ನನ್ನ ತವರು ಹಿರೇಗುಂಟನೂರು. ಅಲ್ಲಿ ನಮ್ಮ ಅವ್ವನ ಜಡೆ ಇಡೀ ಊರಿಗೇ ಗೊತ್ತು. ಸೊಂಟ ದಾಟಿ ಇಳಿಯುತ್ತಿತ್ತು. ಬಣ್ಣ, ಮೂಗು, ಸಿಟ್ಟು ಮೂರೂ ನನಗೆ ಅಪ್ಪನಿಂದ ಬಂದವು. ಜಡೆಯೊಂದು ಅವ್ವನದು. ಮೂರು ವರ್ಷದ ಹಿಂದೆ ಅವ್ವ ತೀರಿಕೊಂಡಳು. ಅದಾದ ಕೆಲವು ತಿಂಗಳಿಗೆ ಊರಿಗೆ ಹೋಗಿದ್ದಾಗ, ಬೀದಿಯಲ್ಲಿ ನನ್ನನ್ನು ಹಿಂದಿನಿಂದ ನೋಡಿದ ಅಜ್ಜಿಯೊಬ್ಬಳು ಅವ್ವನ ಹೆಸರು ಹಿಡಿದು "ಗೌರಕ್ಕಾ" ಎಂದು ಕೂಗಿಬಿಟ್ಟಳು. ನಾನು ತಿರುಗಿದೆ. ಅವಳೂ ಅತ್ತಳು, ನಾನೂ ಅತ್ತೆ. ಅಂದಿನಿಂದ ದಿನಾ ಬೆಳಿಗ್ಗೆ ಜಡೆಯನ್ನು ಮುಂದಕ್ಕೆ ಎಳೆದುಕೊಂಡು ಒಮ್ಮೆ ಮುಟ್ಟಿಯೇ ಶಾಲೆಗೆ ಹೊರಡುತ್ತಿದ್ದೆ. ಅವ್ವನದು ಅಂತ ನನ್ನ ಹತ್ತಿರ ಉಳಿದಿದ್ದು ಅದೊಂದೇ. ಅದೀಗ ಬಚ್ಚಲ ಜಾಲರಿಗೆ ಸಿಕ್ಕಿಕೊಂಡಿತ್ತು.

ಹಾಗಾಗಿ ಸುಮ್ಮನೆ ಕೂರಲು ಸಾಧ್ಯವಿರಲಿಲ್ಲ. ನಮ್ಮ ಯಜಮಾನರು ರುದ್ರೇಶ, ಅಡಿಕೆ ಮಂಡಿಯಲ್ಲಿ ಗುಮಾಸ್ತರು. ಮೂವತ್ತೆರಡಕ್ಕೇ ತಲೆ ಬೋಳಾದವರು, ಬಾಚಣಿಗೆಯ ಋಣ ಹರಿದುಕೊಂಡು ನೆಮ್ಮದಿಯಾಗಿರುವವರು. ಅವರನ್ನು ಶುದ್ಧ ನೀರಿನ ಘಟಕಕ್ಕೆ ಅಟ್ಟಿದೆ. ಪಾಪ, ಎರಡೆರಡು ಕ್ಯಾನು ಹೊತ್ತು ತಂದರು. ಸಾಲಿನಲ್ಲಿದ್ದವರು ಮನೆಯಲ್ಲಿ ಏನು ಕಾರ್ಯ ಎಂದು ಕೇಳಿದರಂತೆ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಈ ಮನುಷ್ಯ, ನಮ್ಮನೆಯವರು ತಲೆಗೆ ನೀರು ಹಾಕ್ಕಂತಾರೆ ಎಂದು ಹೇಳಿ ಬಂದಿದ್ದರು. ಒಂದು ವಾರದೊಳಗೆ ನನ್ನ ತಲೆ ಬಡಾವಣೆಯ ಸಾರ್ವಜನಿಕ ವಿಷಯವಾಯಿತು.

ಸಾರ್ವಜನಿಕರಲ್ಲಿ ಮೊದಲು ಬಾಗಿಲು ತಟ್ಟಿದವರು ಎದುರುಮನೆ ನಾಗರತ್ನಕ್ಕ. ಈರುಳ್ಳಿ ರಸ ಹಚ್ಚಿದರೆ ಬಂಡೆಯ ಮೇಲೂ ಕೂದಲು ಬರುತ್ತದೆ ಎಂದರು. ನಮ್ಮ ಜಿಲ್ಲೆಯಲ್ಲಿ ಈರುಳ್ಳಿಗೇನು ಬರವೇ? ಅರೆದೆ, ಹಿಂಡಿದೆ, ಹಚ್ಚಿದೆ, ಮೂರು ಸಲ ತೊಳೆದು ಶಾಲೆಗೆ ಹೋದೆ. ಎಂಟನೇ ತರಗತಿಯ ಬಾಗಿಲಲ್ಲಿ ಕಾಲಿಟ್ಟೊಡನೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ಇವತ್ತು ಬಿಸಿಯೂಟಕ್ಕೆ ಈರುಳ್ಳಿ ಬಜ್ಜಿ ಐತಾ?" ಎಂದಳು. ಪಾಪ, ಅವಳ ಮುಖದಲ್ಲಿ ನಿಜವಾದ ಆಸೆ ಇತ್ತು.

ಮುಂದಿನ ಸರದಿ ಹರಳೆಣ್ಣೆಯದು. ಅದು ತಲೆಗೆ ಹತ್ತಿತು, ಇಳಿಯಲಿಲ್ಲ. ತೆಗೆಯಲೆಂದು ಕಡ್ಲೆಹಿಟ್ಟು ತಿಕ್ಕಿದೆ. ಎಣ್ಣೆ, ಹಿಟ್ಟು, ನೀರು ಮೂರೂ ಸೇರಿದರೆ ಏನಾಗುತ್ತದೆಂದು ಅಡುಗೆಮನೆಯಲ್ಲಿ ಇಪ್ಪತ್ತೈದು ವರ್ಷ ಕಳೆದವಳಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ! ನೆತ್ತಿಯ ಮೇಲೆ ಹಿಟ್ಟು ಕಲಸಿಕೊಂಡು ಕುಳಿತೆ. ರುದ್ರೇಶ ಹಿಂದೆ ಕುಳಿತು, ಒಂದೊಂದೇ ಗಂಟು ಬಿಡಿಸಿದರು. ಪ್ರತಿ ಗಂಟಿಗೂ ಒಂದಿಷ್ಟು ಕೂದಲು ಬಂತು. ಕಿತ್ತುಬಂದದ್ದನ್ನೆಲ್ಲ ನನಗೆ ಕಾಣದಂತೆ ಅವರು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಮಾರನೆಯ ದಿನ ಬಟ್ಟೆ ಒಗೆಯುವಾಗ ಅದು ನನಗೆ ಸಿಕ್ಕಿತು.

ಕೊನೆಗೆ ಚಿತ್ರದುರ್ಗದ ಒಬ್ಬ ಲೇಡಿ ಡಾಕ್ಟರ ಹತ್ತಿರ ಹೋದೆವು. ಅವರು ಕೂದಲನ್ನು ಮುಟ್ಟುವ ಮೊದಲು ಮುಟ್ಟಿನ ವಿಚಾರ ಕೇಳಿದರು. ಒಂದು ತಿಂಗಳು ಬರುತ್ತದೆ, ಎರಡು ತಿಂಗಳು ಬರುವುದಿಲ್ಲ ಎಂದೆ. ಪಾಠದ ನಡುವೆ ಇದ್ದಕ್ಕಿದ್ದಂತೆ ಮೈಯೆಲ್ಲ ಬೆಂಕಿಯಾಗುವುದು, ಕಾರಣವಿಲ್ಲದೆ ಅಳು ಬರುವುದು ಎಲ್ಲ ಹೇಳಿದೆ. ಅವರು ನಿಧಾನವಾಗಿ ವಿವರಿಸಿದರು. ಮುಟ್ಟು ಪೂರ್ತಿ ನಿಲ್ಲುವುದಕ್ಕೆ ಕೆಲವು ವರ್ಷ ಮೊದಲೇ ಹಾರ್ಮೋನುಗಳು ಏರುಪೇರಾಗುತ್ತವೆ. ಆಗ ಕೆಲವರಿಗೆ ಬೈತಲೆ ಅಗಲವಾಗುತ್ತದೆ, ಜಡೆ ತೆಳ್ಳಗಾಗುತ್ತದೆ. ರಕ್ತದಲ್ಲಿ ಕಬ್ಬಿಣದ ಅಂಶ ಮತ್ತು ಥೈರಾಯ್ಡು ನೋಡೋಣ, ಔಷಧಿ ಇದೆ, ಆದರೆ ತಿಂಗಳುಗಟ್ಟಲೆ ತಾಳ್ಮೆ ಬೇಕು, ಮೊದಲಿನಷ್ಟೇ ಬರುತ್ತದೆಂದು ಮಾತು ಕೊಡಲಾರೆ ಎಂದರು. ಬಿಗಿಯಾಗಿ ಎಳೆದು ಕಟ್ಟಬೇಡಿ ಎಂದರು. ಈರುಳ್ಳಿಯನ್ನು ಸಾರಿಗೆ ಹಾಕಿ ಎಂದೂ ಹೇಳಿದರು. ವಿಜ್ಞಾನದ ಟೀಚರಿಗೆ ಇದು ಗೊತ್ತಿರಲಿಲ್ಲವೇ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಉತ್ತರವಿತ್ತು. ನಮ್ಮ ಪಠ್ಯಪುಸ್ತಕದಲ್ಲಿ ಹದಿಮೂರರ ಹುಡುಗಿಯ ಮೈಯಲ್ಲಿ ಏನಾಗುತ್ತದೆಂದು ಒಂದು ಇಡೀ ಪಾಠವಿದೆ. ನಲವತ್ತೇಳರ ಹೆಂಗಸಿನ ಬಗ್ಗೆ ಒಂದು ಸಾಲೂ ಇಲ್ಲ.

ನಿಮ್ಮ ತಾಯಿಗೂ ಈ ವಯಸ್ಸಿನಲ್ಲಿ ಹೀಗೆ ಆಗಿತ್ತೇ ಎಂದು ಅವರು ಕೇಳಿದಾಗ ನನಗೆ ಸಿಟ್ಟೇ ಬಂತು. ಸಾಯುವ ದಿನದವರೆಗೂ ಅವ್ವನ ಜಡೆ ಸೊಂಟ ದಾಟಿ ಇಳಿಯುತ್ತಿತ್ತು ಎಂದೆ. ಮೊಬೈಲಿನಲ್ಲಿ ಫೋಟೋ ತೆಗೆದು ಸಾಕ್ಷಿ ಸಮೇತ ಒಪ್ಪಿಸಿದೆ. ಡಾಕ್ಟರು ಅದನ್ನು ಸ್ವಲ್ಪ ಹೊತ್ತು ನೋಡಿದರು. ಚೆನ್ನಾಗಿದೆ ಎಂದಷ್ಟೇ ಹೇಳಿ ಫೋನು ವಾಪಸು ಕೊಟ್ಟರು.

ತಿಂಗಳುಗಟ್ಟಲೆ ಕಾಯಲು ನನಗೆ ಸಮಯವೆಲ್ಲಿ? ಹದಿನೈದು ದಿನಕ್ಕೆ ಹಿರಿಯರ ಹಬ್ಬ. ಹಿರೇಗುಂಟನೂರಿನಲ್ಲಿ ತಮ್ಮನ ಮನೆಯಲ್ಲಿ ಅವ್ವನ ಫೋಟೋ ಮುಂದೆ ಎಡೆ ಇಡುತ್ತಾರೆ, ಬಂಧುಬಳಗವೆಲ್ಲ ಸೇರುತ್ತದೆ. ಅವ್ವನ ಎದುರಿಗೆ ಅವ್ವನ ಜಡೆ ಕಳೆದುಕೊಂಡು ನಿಲ್ಲುವುದು ಹೇಗೆ? ಬಳೆ ಅಂಗಡಿಗೆ ಹೋಗಿ ಒಂದು ಚೌರಿ ಕೊಂಡೆ. ಹಬ್ಬದ ಬೆಳಿಗ್ಗೆ ರುದ್ರೇಶ ಅದನ್ನು ನನ್ನ ಕೂದಲಿಗೆ ಸೇರಿಸಿ ಹೆಣೆದರು. ಬೋಳುತಲೆಯ ಮನುಷ್ಯ ಬಾಯಲ್ಲಿ ನಾಲ್ಕು ಪಿನ್ನು ಕಚ್ಚಿಕೊಂಡು ಹೆಂಡತಿಗೆ ಜಡೆ ಹಾಕುವ ದೃಶ್ಯವನ್ನು ನೀವೇ ಊಹಿಸಿಕೊಳ್ಳಿ. ಚೌರಿ ಭಾರ, ಹಿಡಿದುಕೊಳ್ಳೋ ಕೂದಲು ತೆಳ್ಳಗೆ, ನಿಲ್ಲಲಿಕ್ಕಿಲ್ಲ ಎಂದು ಅವರು ಹೇಳಿದರು. ಕೂದಲಿಲ್ಲದವರು ಕೂದಲಿನ ಬಗ್ಗೆ ಮಾತಾಡಬಾರದು ಎಂದು ನಾನು ಅಪ್ಪಣೆ ಕೊಟ್ಟೆ. ಮಂಡಿಯಲ್ಲಿ ಕೆಲಸವಿದ್ದ ಅವರನ್ನು ಬಿಟ್ಟು ಒಬ್ಬಳೇ ಹೊರಟೆ.

ಚಿತ್ರದುರ್ಗದಲ್ಲಿ ಬಸ್ಸು ಬದಲಿಸಿದೆ. ಹಬ್ಬದ ಜನ, ಬಾಳೆಲೆ ಕಟ್ಟು, ಹೂವಿನ ಬುಟ್ಟಿ, ಕಾಲಿಡಲು ಜಾಗವಿಲ್ಲ. ನಿಂತೇ ಇದ್ದೆ. ನನ್ನ ಬೆನ್ನಿಗೆ ಒತ್ತಿಕೊಂಡು ವಯಸ್ಸಾದ ಒಬ್ಬರು ವೈರ್ ಬ್ಯಾಗು ಹೆಗಲಿಗೇರಿಸಿ ನಿಂತಿದ್ದರು. ದಾರಿಯ ಒಂದು ಹಳ್ಳಿಯಲ್ಲಿ ಅವರು ಇಳಿದರು. ತಲೆ ಒಮ್ಮೆ ಹಿಂದಕ್ಕೆ ಜಗ್ಗಿದಂತಾಯಿತು. ಆಮೇಲೆ ತುಂಬಾ ಹಗುರವಾಯಿತು. ಬ್ಯಾಗಿನಿಂದ ಎದ್ದು ನಿಂತಿದ್ದ ವೈರಿನ ತುದಿಗೆ ಸಿಕ್ಕಿಕೊಂಡು, ಮಲ್ಲಿಗೆ ಹೂವಿನ ಸಮೇತ, ನನ್ನ ಜಡೆ ನನಗಿಂತ ಮೊದಲೇ ಬಸ್ಸಿನಿಂದ ಇಳಿದಿತ್ತು!

ಕೆಳಗೆ ಆ ಹಿರಿಯರು ಹಾವು ಕಂಡವರಂತೆ ಬ್ಯಾಗು ಕೊಡವಿದರು. ಕಂಡಕ್ಟರು ಜಡೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಬಸ್ಸಿನೊಳಕ್ಕೆ ತೋರಿಸಿ, "ಜಡೆ ಯಾರದ್ರೀ ಇದು?" ಎಂದು ಕೇಳಿದರು. ಬಸ್ಸಿನ ಹೆಂಗಸರೆಲ್ಲ ಒಟ್ಟಿಗೆ ಬೆನ್ನ ಹಿಂದೆ ಕೈಹಾಕಿ ನೋಡಿಕೊಂಡರು. ನಾನೂ ನೋಡಿಕೊಂಡೆ. ಎಲ್ಲರ ಜೊತೆಗೆ ನಾನೂ ನನ್ನದಲ್ಲ ಎಂದು ತಲೆಯಾಡಿಸಿದೆ. ಸೆರಗು ತಲೆಗೆ ಹೊದ್ದು, ಕಿಟಕಿಯ ಕಡೆ ಮುಖ ತಿರುಗಿಸಿದೆ. ಕಂಡಕ್ಟರು ಅದನ್ನು ತಂಗುದಾಣದ ಕಂಬಕ್ಕೆ ಸಿಕ್ಕಿಸಿ ಹತ್ತಿದರು. ಬಸ್ಸು ಹೊರಟಾಗ ಅದು ಅಲ್ಲೇ ನೇತಾಡುತ್ತಿತ್ತು. ನನಗೆ ನಗು ಬರಬೇಕಿತ್ತು. ಬರಲಿಲ್ಲ. ಊರು ಬರುವವರೆಗೂ ಸೆರಗಿನೊಳಗೆ ಅಳುತ್ತಲೇ ಇದ್ದೆ.

ತಮ್ಮನ ಮನೆಯಲ್ಲಿ ಸೆರಗು ತೆಗೆಯದೆ ಓಡಾಡಿದೆ. ಎಲ್ಲರೂ ಅದನ್ನು ಭಕ್ತಿ ಎಂದುಕೊಂಡರು. ಅವ್ವನ ತಂಗಿ, ನಮ್ಮ ಚಿಕ್ಕಮ್ಮ ಮಾತ್ರ ನಂಬಲಿಲ್ಲ. ಪಕ್ಕದ ಮನೆಯಲ್ಲೇ ಇರುವವಳು, ಅವ್ವನ ಜೊತೆ ಆಯಸ್ಸು ಕಳೆದವಳು. ನನ್ನನ್ನು ಒಳಕೋಣೆಗೆ ಕರೆದು, ಬಾಗಿಲು ಮುಂದೆ ಮಾಡಿ, ಸೆರಗು ಸರಿಸಿದಳು. ನೆತ್ತಿಯ ಮೇಲೆ ಬೆರಳಾಡಿಸಿ ನೋಡಿದಳು.

"ಬೈತಲೆ ಅಗಲ ಆಗಿರೋದೂ ನಿಮ್ಮವ್ವಂದೇ ಲೆಕ್ಕ ಕಣೇ ಮಂಜಿ," ಎಂದಳು.

ಅವ್ವನಿಗೆ ಎಲ್ಲಿ ಉದುರಿತ್ತು ಚಿಕ್ಕಮ್ಮ, ಕೊನೆಯವರೆಗೂ ಅಷ್ಟುದ್ದ ಇತ್ತಲ್ಲ ಎಂದು ನಾನು ವಾದಕ್ಕಿಳಿದೆ. ಚಿಕ್ಕಮ್ಮ ಮೆಲ್ಲಗೆ ಹೇಳತೊಡಗಿದಳು. ನನ್ನ ಮದುವೆಯಾಗಿ ಒಂದೆರಡು ವರ್ಷಕ್ಕೆ, ಮುಟ್ಟು ಏರುಪೇರಾದ ದಿನಗಳಲ್ಲಿ ಅವ್ವನ ಕೂದಲು ಬಾಚಣಿಗೆ ತುಂಬ ಬರಲು ಶುರುವಾಯಿತಂತೆ. ಬಿದ್ದದ್ದನ್ನೆಲ್ಲ ಚೀಲದಲ್ಲಿ ಕೂಡಿಟ್ಟು, ಚೌರಿ ಕಟ್ಟುವ ಹೆಂಗಸಿಗೆ ಕೊಟ್ಟು, ಅದರಲ್ಲೇ ಚೌರಿ ಮಾಡಿಸಿಕೊಂಡಳಂತೆ. ಕೊನೆಯ ಇಪ್ಪತ್ತು ವರ್ಷ, ಊರಿಗೇ ಗೊತ್ತಿದ್ದ ಆ ಜಡೆ ಅವ್ವನ ತಲೆಯಿಂದ ಉದುರಿದ ಕೂದಲಿನದೇ ಆಗಿತ್ತು.

"ನಂಗ್ಯಾಕೆ ಹೇಳ್ಲಿಲ್ಲ ಅವ್ವ?"

"ನಿಂಗೆ ಕೂದ್ಲಂದ್ರೆ ಪ್ರಾಣ. ಮುಂದೆ ನಂಗೂ ಹಿಂಗೇ ಆಗ್ತೈತೆ ಅಂತ ಈಗ್ಲಿಂದ್ಲೇ ಹೆದ್ರಿಕಂತಾಳೆ, ಹೇಳ್ಬ್ಯಾಡ ಅಂದಿದ್ಲು. ನೀನು ಬರ್ತೀಯ ಅಂದ್ರೆ ಬೆಳಕಾಗೋಕೆ ಮುಂಚೆ ನಮ್ಮನೆಗೆ ಬಂದು ಕಟ್ಟಿಸ್ಕಂಡು ಹೋಗೋಳು. ಹೋದ ದಿನಾನೂ ನಾನೇ ಕಟ್ಟಿದ್ದು. ನೀನಿನ್ನೂ ಬಸ್ಸಿನಾಗೆ ಇದ್ದೆ. ಮಂಜಿ ಬರೋದ್ರೊಳಗೆ ಕಟ್ಟು ಅಂತ ಮೊದ್ಲೇ ಮಾತು ತಗಂಡಿದ್ಲು. ಅದ್ರ ಸಮೇತಾನೇ ಮಣ್ಣು ಮಾಡಿದ್ವಿ."

ನನಗೆ ನೆನಪಾಯಿತು. ಪ್ರತಿ ಸಲ ಊರಿಗೆ ಬಂದಾಗ, ಜಡೆ ಬಿಚ್ಚವ್ವ, ನಾನು ಎಣ್ಣೆ ಹಚ್ಚಿ ಬಾಚುತ್ತೇನೆ ಎಂದು ಕರೆಯುತ್ತಿದ್ದೆ. ಪ್ರತಿ ಸಲವೂ ಅವ್ವ, ಬ್ಯಾಡ ಬಿಡು, ಕೆಲಸ ಐತೆ ಎಂದು ಎದ್ದು ಹೋಗುತ್ತಿದ್ದಳು. ಮದುವೆ ಮಾಡಿ ಕಳಿಸಿದ ಮೇಲೆ ಮಗಳು ಮುಟ್ಟುವುದೂ ಬೇಡವಾಯಿತೇ ಎಂದು ನಾನು ಮುನಿಸಿಕೊಂಡಿದ್ದೆ. ಒಂದು ವರ್ಷ ಆ ಮುನಿಸಿನಲ್ಲಿ ಯುಗಾದಿಗೂ ಬರಲಿಲ್ಲ. ಅವ್ವ ಒಬ್ಬಳೇ ಮೈಯ ಬೆಂಕಿ ತಡೆದುಕೊಂಡು, ಒಬ್ಬಳೇ ಉದುರಿದ ಕೂದಲು ಆಯ್ದುಕೊಂಡು ಕೂತಿದ್ದ ದಿನಗಳು ಅವು. ಹೆದರಿಕೆ ನನ್ನ ಹತ್ತಿರ ಬಾರದಿರಲೆಂದು ಅವಳು ನನ್ನನ್ನೇ ಹತ್ತಿರ ಸೇರಿಸಿರಲಿಲ್ಲ. ಚಿಕ್ಕಮ್ಮನ ಮಡಿಲಲ್ಲಿ ಮುಖವಿಟ್ಟು ಸಣ್ಣ ಮಗುವಿನ ಹಾಗೆ ಅತ್ತೆ. ಅವಳು ನನಗಿದ್ದ ಅಷ್ಟೇ ಕೂದಲನ್ನು ಸಡಿಲವಾಗಿ ಗಂಟು ಕಟ್ಟಿ, ಎಡೆ ಇಡೋ ಹೊತ್ತಾಯಿತು ಬಾ ಎಂದಳು.

ತಲೆಗೆ ಸೆರಗಿಲ್ಲದೆ ಹೋಗಿ ಎಲ್ಲರ ನಡುವೆ ನಿಂತೆ. ಅವ್ವನ ಫೋಟೋಗೆ ಕೈಮುಗಿದು, ಜಡೆಯನ್ನು ಬಿಟ್ಟು ಮೊದಲ ಬಾರಿಗೆ ಅವಳ ನೆತ್ತಿ ನೋಡಿದೆ. ಹೂವಿನ ಮರೆಯಲ್ಲೂ ಸ್ಪಷ್ಟವಾಗಿ, ಹೆಬ್ಬೆರಳಿನಷ್ಟು ಅಗಲದ ಬೈತಲೆ. ಮೊಬೈಲಿನಲ್ಲಿ ನಾನು ತೋರಿಸಿದ್ದೂ ಇದೇ ಫೋಟೋ, ಡಾಕ್ಟರಿಗೆ ಒಂದು ನಿಮಿಷದಲ್ಲಿ ಕಂಡಿರಬೇಕು. ನನಗೆ ಇಪ್ಪತ್ತು ವರ್ಷ ಕಾಣಲಿಲ್ಲ. ಪ್ರತಿ ಜೂನ್ ತಿಂಗಳ ಮೊದಲ ತರಗತಿಯಲ್ಲಿ ಮಕ್ಕಳಿಗೆ ನಾನು ಬರೆಸುವ ಮೊದಲ ವಾಕ್ಯ, ವಿಜ್ಞಾನಕ್ಕೆ ಬೇಕಾದದ್ದು ಸೂಕ್ಷ್ಮ ವೀಕ್ಷಣೆ. ಎರಡೆರಡು ಸಲ ಅಡಿಗೆರೆ ಹಾಕಿಸುತ್ತೇನೆ.