ಮೊಳಕೆಯೊಡೆದ ಮಾತಿನಕಲ್ಲು

ಎರಡು ಸಾವಿರ ವರ್ಷ ಹಳೆಯ ಕಲ್ಲಿಗೆ ಮೊಳಕೆ ಬಂದಿತ್ತು.

ಮ್ಯೂಸಿಯಮ್ಮಿನ ಕಾವಲುಗಾರ ಗಾಜಿನ ಪೆಟ್ಟಿಗೆಗೆ ಮೂಗು ತಗುಲಿಸಿ ನೋಡಿದ. ಮಖಮಲ್ಲಿನ ಮೇಲೆ ಪಟ್ಟದ ರಾಣಿಯಂತೆ ಕೂತಿದ್ದುದು ಆಲೂಗಡ್ಡೆ. ಮಾತಿನಕಲ್ಲು ಮಾಯ. ಅದನ್ನು ಹಿಡಿದವರ ಮಾತನ್ನು ಯಾರೂ ಮೀರಲಾರರು, ಅದರ ಬಲದಿಂದಲೇ ಕುಳ್ಳ ರಾಜನೊಬ್ಬ ಏಳು ರಾಜ್ಯ ಆಳಿದ ಎಂದು ಪಕ್ಕದ ಫಲಕ ಹೇಳುತ್ತಿತ್ತು. ಸಂಜೆ ಸಾಹೇಬರ ತಪಾಸಣೆ. ಕಲ್ಲು ಇಲ್ಲದಿದ್ದರೆ ಇವನ ಕೆಲಸವೂ ಇಲ್ಲ.

"ಅಕ್ಕಾ, ಕಲ್ಲು ನೋಡಿದ್ರಾ?"

ಟೈಪಿಸ್ಟ್ ಅಕ್ಕ ತಲೆಯೆತ್ತಲಿಲ್ಲ. "ನಾನು ಹೋದ ತಿಂಗಳೇ ತಂದಿಟ್ನಲ್ಲಪ್ಪ. ಮಗಳು ಮದುವೆಗೆ ಒಪ್ಪಿದ್ಲು, ಸಾಕಾಯ್ತು."

"ತಂದಿಟ್ರಾ? ಅಂದ್ರೆ ಒಯ್ದಿದ್ರಾ?"

"ಎಲ್ಲರೂ ಒಯ್ತಾರೆ. ಊಟ ಆದ್ಮೇಲೆ ನೀನು ಗೊರಕೆ ಹೊಡೀತೀಯ, ಬೀಗದಕೈ ನಿನ್ನ ಸೊಂಟದಲ್ಲೇ ಇರುತ್ತೆ. ಎಬ್ಬಿಸೋಕೆ ಪಾಪ ಅನ್ಸುತ್ತೆ."

ಮನೆಯಲ್ಲಿ ಮಾತು ನಡೆಯದವರು ಕಲ್ಲು ಒಯ್ದು, ಅದರ ಜಾಗದಲ್ಲಿ ಆಲೂಗಡ್ಡೆ ಇಟ್ಟು, ಕೆಲಸವಾದ ಮೇಲೆ ತಂದಿಡುವುದು ಅಲ್ಲಿನ ಪದ್ಧತಿ. ಅದು ಗೊತ್ತಿರದಿದ್ದವನು ಕಾವಲುಗಾರನೊಬ್ಬನೇ.

ಅವನು ಕ್ಯಾಂಟೀನಿಗೆ ಓಡಿದ. "ಆಲೂಗಡ್ಡೆ ನಂದೇ," ಎಂದಳು ಅಡುಗೆಯ ದೊಡ್ಡಮ್ಮ. "ಕಲ್ಲು ಒಯ್ದೋಳ ಹೆಸರು ಮಾತ್ರ ಕೇಳಬೇಡ. ಹೇಳಬಾರ್ದು ಅಂತ ಕಲ್ಲು ಹಿಡ್ಕೊಂಡೇ ಹೇಳಿದ್ದಾಳೆ, ನಾಲಿಗೆ ಏಳಲ್ಲ. ಅಂದಹಾಗೆ, ನಿಮ್ಮನೇಲಿ ಪಾತ್ರೆ ತೊಳೆಯೋರು ಯಾರಪ್ಪ?"

"ನಾನೇ. ಒಂದು ವಾರದಿಂದ."

ದೊಡ್ಡಮ್ಮ ಸೌಟು ಕೆಳಗಿಟ್ಟು ಅವನನ್ನೇ ನೋಡಿದಳು. ಅವನು ಬಿದ್ದೆನೋ ಎದ್ದೆನೋ ಎಂದು ಮನೆಗೆ ಓಡಿದ.

"ಬಂದ್ರಾ?" ಎಂದಳು ಹೆಂಡತಿ, ಮುಷ್ಟಿ ಬಿಗಿಹಿಡಿದು. "ಕಿಟಕಿಗೆ ಬಣ್ಣ ಹಚ್ಚಿ."

ಕೆಲಸ ಹೋಗುತ್ತದೆ ಕಣೇ ಎಂದು ಗೋಳಾಡುತ್ತಲೇ ಅವನು ಬ್ರಷ್ ಎತ್ತಿಕೊಂಡ. ಎರಡು ಕಿಟಕಿ ಮುಗಿದ ಮೇಲೆ ಅವಳು ಟೀ ಕುಡಿಯಲು ಕಲ್ಲು ಕೆಳಗಿಟ್ಟಳು. ಅವನು ಅದನ್ನು ಹದ್ದಿನಂತೆ ಎಗರಿಸಿಕೊಂಡು ಹೊರಟ.

ಅಷ್ಟರಲ್ಲಿ ಸಾಹೇಬರು ಆಲೂಗಡ್ಡೆಯ ಮುಂದೆ ನಿಂತಾಗಿತ್ತು.

"ಸಿಕ್ತು ಸಾರ್," ಎಂದು ಅವನು ಕಲ್ಲು ತೋರಿಸಿದ.

"ನೀನು ಕಾವಲುಗಾರನಾ, ಕುಂಭಕರ್ಣನಾ? ಕಲ್ಲು ಸಿಕ್ಕಿದ್ದಕ್ಕೆ ಬಚಾವಾದೆ. ಇನ್ನೊಂದ್ಸಲ ಹೀಗಾದ್ರೆ ನೋಡು."

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕಾವಲುಗಾರನ ಮೀಸೆಗೆಲ್ಲ ಕಿಟಕಿಯ ಹಸಿರು ಬಣ್ಣ ಮೆತ್ತಿತ್ತು, ಹಿಂದೆ ಟೈಪಿಸ್ಟ್ ಅಕ್ಕ ಕಿಸಕ್ಕನೆ ನಕ್ಕಳು. ಅವನಿಗೆ ರೋಷ ನೆತ್ತಿಗೇರಿತು.

"ಕದ್ದೋರನ್ನ ಬಿಟ್ಟು ನನಗೆ ಬೈತೀರಾ? ಕೆಲಸದಿಂದಲೇ ತೆಗೆದುಬಿಡಿ ಸಾರ್. ಈಗ್ಲೇ ತೆಗೀರಿ."

ರಜೆಯ ಅರ್ಜಿಗೂ ತಿಂಗಳುಗಟ್ಟಲೆ ಯೋಚಿಸುವ ಸಾಹೇಬರು "ಆಗಲಿ, ತೆಗೆದೆ," ಎಂದುಬಿಟ್ಟರು. ಅಂದ ಮೇಲೆ ತಾವೇ ಬೆಚ್ಚಿ ಅವನ ಕೈ ನೋಡಿದರು.

ಅವನೂ ನೋಡಿಕೊಂಡ. ಮಾತು ವಾಪಸ್ ತಗೊಳ್ಳಿ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಸಾಹೇಬರು ಕಲ್ಲು ಕಸಿದುಕೊಂಡಾಗಿತ್ತು.

"ಹೊರಡು," ಎಂದರು.

ಅವನು ಎರಡೂ ಕೈಯಲ್ಲಿ ಕಂಬ ತಬ್ಬಿಕೊಂಡ. ಕಾಲುಗಳು ಮಾತ್ರ ಅವನನ್ನು ಕೇಳದೆ ಗೇಟಿನತ್ತ ಹೊರಟೇಬಿಟ್ಟವು.